ಅಂಗಮಾರಿಗೆ ಎರಡು ಬಾಲ

ಸೋನೆ ಹಿಡಿದು ನಾಲ್ಕು ದಿನ ಬಿಸಿಲು ಕಾಣದಿದ್ದರೆ ಸಾಕು, ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಆಲೂಗಡ್ಡೆ ಹಾಕಿದವರ ಎದೆ ಹೊಡೆದುಕೊಳ್ಳುತ್ತದೆ. ಆ ದಿನಗಳಲ್ಲಿ ನಾನು ಹೊಲಕ್ಕಿಳಿಯುವುದು ಇಬ್ಬನಿ ಆರುವ ಮುಂಚೆ. "ಬೂಷ್ಟು ಹಿಡ್ದೈತೆ ನೋಡಣ್ಣ" ಎಂದು ಹೊಲದವರು ಎಲೆ ಮಗುಚಿ ತೋರಿಸುತ್ತಾರೆ. ಮೇಲೆ ಬಿಸಿನೀರು ಬಿದ್ದಂಥ ಕಪ್ಪು ಕಲೆ, ಕೆಳಗೆ ಕಲೆಯ ಅಂಚಿಗೆ ಹಿಟ್ಟು ಉದುರಿಸಿದಂತೆ ಬಿಳಿ ನವಿರು. ಬಿಸಿಲೇರಿದರೆ ಆ ಬಿಳುಪು ಮಾಯ.

ಮೊನ್ನೆ ಚನ್ನರಾಯಪಟ್ಟಣದ ಗೆಳೆಯರೊಬ್ಬರು ತಂದ ಎಲೆಗಳಲ್ಲಿ ಎರಡು ರೋಗಗಳಿದ್ದವು. ಒಂದರಲ್ಲಿ ಒಣಗಿದ ಕಂದು ಚುಕ್ಕೆ, ಅದರೊಳಗೆ ಉಂಗುರದೊಳಗೆ ಉಂಗುರ. ಅದು ಆಲ್ಟರ್ನೇರಿಯ. ಸೂಕ್ಷ್ಮದರ್ಶಕದಲ್ಲಿ ಅದರ ಬೀಜಕ ಉದ್ದ ಕೊಕ್ಕಿನ ಗದೆಯಂತೆ, ಮೈತುಂಬ ಇಟ್ಟಿಗೆ ಗೋಡೆಯ ಗೆರೆಗಳು. ಇನ್ನೊಂದು ಅಂಗಮಾರಿ, ಫೈಟಾಫ್ತೊರ ಇನ್‌ಫೆಸ್ಟಾನ್ಸ್: ಕವಲೊಡೆದ ಕಡ್ಡಿ, ಕಡ್ಡಿಯಲ್ಲಿ ಅಲ್ಲಲ್ಲಿ ಗಂಟು, ತುದಿಯಲ್ಲಿ ಪುಟ್ಟ ನಿಂಬೆಹಣ್ಣಿನಾಕಾರ. ಆ ಗಂಟುಗಳೇ ಗುರುತು. ಹೊಸಬರು ಅವನ್ನೇ ಬಿಟ್ಟುಬಿಡುತ್ತಾರೆ.

ಆ ನಿಂಬೆಗಳನ್ನು ಸ್ಟೀಲ್ ಬಟ್ಟಲಿನ ತಣ್ಣೀರಿಗೆ ತೊಳೆದು, ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಟ್ಟು, ಒಂದು ಹನಿ ಗಾಜಿನ ಮೇಲೆ ಹಾಕಿ ನೋಡಿ. ನಿಂಬೆಯ ಮೂತಿ ಬಿರಿದು ಏಳೆಂಟು ಮರಿಗಳು ಹೊರಬಿದ್ದು ಈಜತೊಡಗುತ್ತವೆ. ಒಂದೊಂದಕ್ಕೂ ಎರಡು ಬಾಲ, ಒಂದು ನುಣುಪು, ಒಂದು ರೋಮದ್ದು. ನನ್ನ ಸೂಕ್ಷ್ಮದರ್ಶಕಕ್ಕೆ ಬಾಲ ದಕ್ಕುವುದಿಲ್ಲ, ಈಜಿನ ಹೊರಳಾಟ ದಕ್ಕುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೆರಗು ತಗ್ಗಿಲ್ಲ. ನಿಜವಾದ ಶಿಲೀಂಧ್ರಗಳಲ್ಲಿ ಈಜುವಂಥವು ಕಡಿಮೆ. ಅವಕ್ಕೂ ಸಾಮಾನ್ಯವಾಗಿ ಒಂದೇ ಬಾಲ.

ಅಂದರೆ ಅಂಗಮಾರಿ ಶಿಲೀಂಧ್ರವೇ ಅಲ್ಲ. 1876ರಲ್ಲಿ ಆಂಟನ್ ಡಿ ಬ್ಯಾರಿ ಈಗಿನ ಹೆಸರಿಟ್ಟಾಗಲೂ ಅದನ್ನು ಶಿಲೀಂಧ್ರಗಳ ಸಾಲಿನಲ್ಲೇ ಕೂರಿಸಿದ್ದರು. 1910ರಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗಕ್ಕೆ ಹೊಣೆ ಮಾಡಿದ್ದೂ ಇದೇ ಫೈಟಾಫ್ತೊರ ಕುಲವನ್ನು. ಎಳೆ, ಬೂಷ್ಟು, ಬೀಜಕ ಎಲ್ಲ ಅಣಬೆಯ ವಂಶದಂತೆ ಕಂಡರೆ ಕಣ್ಣಿನ ತಪ್ಪೇನು? ಆದರೆ ಇದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ, ಶಿಲೀಂಧ್ರಗಳ ಕೈಟಿನ್ ಅಲ್ಲ. ಡಿಎನ್‌ಎ ಓದಿದ ಮೇಲೆ ನೆಂಟರು ಗೊತ್ತಾದರು: ಕಂದು ಪಾಚಿ, ನೀರಿನಲ್ಲಿರುವ ಡಯಾಟಮ್.

ಈ ನೆಂಟಸ್ತನ ರೈತನ ಜೇಬಿಗೆ ಸಂಬಂಧಿಸಿದ್ದು. ಕಾರ್ಬೆಂಡಜಿಮ್ ಹೊಡೆದರೆ ಅಂಗಮಾರಿ ಅಲುಗುವುದಿಲ್ಲ. ಹೆಕ್ಸಾಕೊನಜೋಲ್ ಹಿಡಿಯುವುದು ಶಿಲೀಂಧ್ರ ತನ್ನ ಮೈಯಲ್ಲಿ ಎರ್ಗೊಸ್ಟೆರಾಲ್ ಕಟ್ಟಿಕೊಳ್ಳುವ ಕೆಲಸವನ್ನು. ಅಂಗಮಾರಿ ಆ ಕೆಲಸ ಮಾಡುವುದೇ ಇಲ್ಲ. ಎರಡು ರೋಗಕ್ಕೂ ಒಂದೇ ಔಷಧಿ ಕಟ್ಟಿಕೊಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇನ್ನು ಕಣ್ಣು ಪೂರ್ತಿ ಸೋಲುವ ಜಾಗ ಒಂದಿದೆ. 2009-10ರಲ್ಲಿ ದಕ್ಷಿಣ ಭಾರತದ ಟೊಮೆಟೊ, ಆಲೂಗಡ್ಡೆಗಳಿಗೆ ಅಂಗಮಾರಿ ಭೀಕರವಾಗಿ ಬಡಿಯಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪಿ. ಚೌಡಪ್ಪ ಮತ್ತು ಸಂಗಡಿಗರು ರೋಗದ ಮಾದರಿಗಳ ಡಿಎನ್‌ಎ ಹಿಡಿದರು. ಪುಟ್ಟ ಅಕ್ಷರತುಣುಕುಗಳು ಎಷ್ಟೆಷ್ಟು ಸಲ ಮರುಕಳಿಸಿವೆ ಎಂದು ಎಣಿಸಿದಾಗ ಸಿಕ್ಕಿದ್ದು 13_ಎ2 ಎಂಬ ವಂಶ. 2004ರಲ್ಲಿ ಯುರೋಪಿನಲ್ಲಿ ಮೊದಲು ಕಂಡದ್ದು, ಮೆಟಲಾಕ್ಸಿಲ್ ಔಷಧಿಗೆ ಬಗ್ಗದ್ದು. ಅದೇ ನಿಂಬೆ, ಅದೇ ಗಂಟು. ಸೂಕ್ಷ್ಮದರ್ಶಕದಲ್ಲಿ ವರ್ಷವಿಡೀ ನೋಡಿದರೂ ಈ ವಂಶ ಬೇರೆ ಎಂದು ಹೇಳಲಾಗದು.

ಹಾಗೆಂದು ಡಿಎನ್‌ಎ ಓದುವ ಯಂತ್ರ ತಾನಾಗಿ ಹೊಲಕ್ಕೆ ಬರುವುದಿಲ್ಲ. ಯಾವ ಎಲೆ ಕೀಳಬೇಕೆಂದು ಹೇಳುವುದು ಕಣ್ಣೇ. ಕಲೆಯ ಹಸಿ ಅಂಚಿರುವ ಎಲೆ ಆರಿಸಿ, ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕೊಳೆಯದಂತೆ ಹಳೆ ಪತ್ರಿಕೆಯೊಳಗೆ ಒತ್ತಿಡಿ. ಮೇಲೆ ಪೆನ್ಸಿಲಿನಲ್ಲಿ ಊರು, ತಳಿ, ತಾರೀಖು, ಹಿಂದೆ ಹೊಡೆದ ಔಷಧಿ ಬರೆಯಿರಿ. ಪೆನ್ನಿನ ಶಾಯಿ ಇಬ್ಬನಿಗೆ ಕದಡುತ್ತದೆ.