‘ಸೀಲ್ಡ್’ ಬ್ಯಾಟರಿ: ಹಣೆಪಟ್ಟಿ ಹೇಳದ ಮಾತು

ಕಾರಿನ ಬ್ಯಾಟರಿ ಕೊಳ್ಳಲು ಹೋದವರಿಗೆ ಅಂಗಡಿಯವರು ಸಾಮಾನ್ಯವಾಗಿ ಕೊಡುವ ಸಲಹೆ ಒಂದೇ: ‘ಸೀಲ್ಡ್ ತಗೊಳ್ಳಿ ಸಾರ್, ನೀರು ಹಾಕೋ ತಾಪತ್ರಯ ಇಲ್ಲ.’ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ‘ಸೀಲ್ಡ್’ ಎಂಬ ಒಂದೇ ಹೆಸರಿನಲ್ಲಿ ಒಳರಚನೆ ಬೇರೆ ಬೇರೆಯಾದ ಎರಡು ಬಗೆಯ ಬ್ಯಾಟರಿಗಳು ಮಾರಾಟವಾಗುತ್ತಿವೆ. ಕೊಳ್ಳುವವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವವರು ಕಡಿಮೆ.

ನೀರು ಏಕೆ ಕಡಿಮೆಯಾಗುತ್ತದೆ? 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ಧನಫಲಕದಲ್ಲಿ ಸೀಸದ ಡೈಆಕ್ಸೈಡ್, ಋಣಫಲಕದಲ್ಲಿ ಸರಂಧ್ರ ಸೀಸ, ನಡುವೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಇಂಥ 6 ಕೋಶಗಳ ಸರಣಿಯೇ 12 ವೋಲ್ಟ್ ಬ್ಯಾಟರಿ. ಚಾರ್ಜ್ ಪೂರ್ಣವಾಗುತ್ತ ಬಂದಂತೆ ವಿದ್ಯುತ್ತು ನೀರನ್ನೇ ವಿಭಜಿಸತೊಡಗುತ್ತದೆ. ಹುಟ್ಟಿದ ಆಕ್ಸಿಜನ್, ಹೈಡ್ರೋಜನ್‌ಗಳು ಬಿರಡೆಯ ರಂಧ್ರದಿಂದ ಹಾರಿಹೋಗುತ್ತವೆ. ಮೆದುವಾದ ಸೀಸವನ್ನು ಗಡುಸಾಗಿಸಲು ಹಳೆಯ ಬ್ಯಾಟರಿಗಳ ಜಾಲರಿಗೆ ಆಂಟಿಮೊನಿ ಬೆರೆಸುತ್ತಿದ್ದರು. ಅದು ಸ್ವಲ್ಪ ಸ್ವಲ್ಪವೇ ಕರಗಿ ಋಣಫಲಕವನ್ನು ಸೇರಿ, ಹೈಡ್ರೋಜನ್ ಬಿಡುಗಡೆಯನ್ನು ಇನ್ನಷ್ಟು ಸುಲಭಗೊಳಿಸುತ್ತಿತ್ತು. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಬಾಟಲಿ ಹಿಡಿಯಬೇಕಾಗಿದ್ದುದು ಇದರಿಂದಲೇ.

ಮೊದಲ ಬಗೆಯ ‘ಸೀಲ್ಡ್’ ಬ್ಯಾಟರಿ ಈ ಆಂಟಿಮೊನಿಗೆ ಪರಿಹಾರ. ಬದಲಿಗೆ ಅತ್ಯಲ್ಪ ಪ್ರಮಾಣದ ಕ್ಯಾಲ್ಸಿಯಂ ಬಂತು. 1970ರ ದಶಕದಲ್ಲಿ ಇದು ಕಾರುಗಳಿಗೂ ಬಂತು. ಒಳಗಿರುವುದು ಅದೇ ದ್ರವ ಆಮ್ಲ. ನೀರಿನ ನಷ್ಟ ತಗ್ಗಿದೆ, ನಿಂತಿಲ್ಲ. ಅನಿಲ ಹೊರಹೋಗಲು ಕಿಂಡಿಯೂ ಇದೆ. ಸೀಲ್ ಆಗಿರುವುದು ನಾವು ನೀರು ಹಾಕುವ ದಾರಿ ಮಾತ್ರ!

ಎರಡನೆಯ ಬಗೆ ನಿಜವಾಗಿಯೂ ಬೇರೆ. ಇದರಲ್ಲಿ ಆಮ್ಲವನ್ನು ಗಾಜಿನ ಎಳೆಗಳ ಚಾಪೆ ಹೀರಿಕೊಂಡಿರುತ್ತದೆ. ವ್ಯಾಪಾರದ ಹೆಸರು ಎಜಿಎಂ. ಚಾಪೆ ಪೂರ್ತಿ ತೊಯ್ದಿರುವುದಿಲ್ಲ. ಉಳಿದ ಸೂಕ್ಷ್ಮ ರಂಧ್ರಗಳ ಮೂಲಕ ಆಕ್ಸಿಜನ್ ಋಣಫಲಕವನ್ನು ತಲುಪಿ ಮತ್ತೆ ನೀರಾಗುತ್ತದೆ. ಒತ್ತಡ ಮಿತಿಮೀರಿದರೆ ಮಾತ್ರ ಕವಾಟ ತೆರೆದುಕೊಳ್ಳುತ್ತದೆ. ನಿಂತಲ್ಲೆಲ್ಲ ಎಂಜಿನ್ ತಾನೇ ಆರಿ ಮತ್ತೆ ಹೊತ್ತುವ ಕಾರುಗಳಿಗೆ ಇದು, ಇಲ್ಲವೇ ಆ ಕೆಲಸಕ್ಕೆಂದೇ ಬಲಪಡಿಸಿದ ದ್ರವದ ಬ್ಯಾಟರಿ ಬೇಕು. ಅಲ್ಲಿ ಅಗ್ಗದ್ದನ್ನು ಕೂರಿಸುವುದು ದಂಡ.

ಆದರೂ ಎಜಿಎಂ ಎಲ್ಲ ಕಡೆಗೂ ಮೇಲು ಎನ್ನಲಾಗದು, ಏಕೆಂದರೆ ಬ್ಯಾಟರಿಯ ದೊಡ್ಡ ಶತ್ರು ಶಾಖ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದ ಸ್ಥೂಲ ಸೂತ್ರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಬಾನೆಟ್ ಒಳಗಿನ ಸ್ಥಿತಿಯನ್ನು ಊಹಿಸಿ. ಎಜಿಎಂನಲ್ಲಿ ಶಾಖವನ್ನು ತಾಳಿಕೊಳ್ಳುವ ದ್ರವವೇ ಕಡಿಮೆ. ಆಲ್ಟರ್ನೇಟರ್‌ನ ವೋಲ್ಟೇಜ್ ಹೆಚ್ಚಾದರೆ ಅದು ಒಣಗುತ್ತದೆ. ಹೋದ ನೀರನ್ನು ಮರಳಿ ತುಂಬುವ ದಾರಿಯಿಲ್ಲ. ಬಿರಡೆ ತೆರೆಯಬಹುದಾದ ಬ್ಯಾಟರಿಯಾದರೆ ಅದೇ ತಪ್ಪಿಗೆ ಅರ್ಧ ಲೀಟರ್ ನೀರು ಸಾಕಾದೀತು.

ಇದಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವ ನಷ್ಟ ಪರೀಕ್ಷೆಯ ಅವಕಾಶದ್ದು. ತೆರೆಯಬಹುದಾದ ಬ್ಯಾಟರಿಯಲ್ಲಿ ಹೈಡ್ರೋಮೀಟರ್ ಇಳಿಸಿ ಆರೂ ಕೋಶಗಳನ್ನು ಬೇರೆ ಬೇರೆಯಾಗಿ ಅಳೆಯಬಹುದು. ಐದರಲ್ಲಿ ಸಾಪೇಕ್ಷ ಸಾಂದ್ರತೆ 1.25 ಇದ್ದು ಒಂದರಲ್ಲಿ 1.15 ಬಂದರೆ ಕೆಟ್ಟಿರುವುದು ಯಾವುದೆಂದು ತಿಳಿಯಿತು. ‘ಸೀಲ್ಡ್’ ಬ್ಯಾಟರಿಯ ಮೇಲಿನ ಹಸಿರು ಕಣ್ಣು ನೋಡುವುದು ಒಂದೇ ಕೋಶವನ್ನು. ಉಳಿದ ಐದರ ಬಗ್ಗೆ ಅದು ಕುರುಡು. ಕಣ್ಣು ಹಸಿರಾಗಿಯೇ ಇದ್ದು ಸೆಲ್ಫ್ ಹೊಡೆಯದಿದ್ದರೆ ಆಶ್ಚರ್ಯಪಡಬೇಕಿಲ್ಲ. ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿಗೆ ವೋಲ್ಟ್‌ಮೀಟರ್ ಹಿಡಿದು ನೋಡಿ: 12.6 ಇದ್ದರೆ ಪೂರ್ಣ ಚಾರ್ಜ್, 12.0ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ, 10.5ರ ಬಳಿ ನಿಂತರೆ ಒಂದು ಕೋಶ ಸತ್ತಿದೆ ಎಂಬ ಶಂಕೆ.

ತೆರೆದ ಬ್ಯಾಟರಿಯ ದೌರ್ಬಲ್ಯವನ್ನೂ ಹೇಳಬೇಕು. ಅದು ಬಹುಮಟ್ಟಿಗೆ ಮಾಲೀಕರದ್ದೇ. ಕೊಳವೆಬಾವಿಯ ನೀರು ಸುರಿಯುವವರಿದ್ದಾರೆ. ಅದರಲ್ಲಿನ ಕ್ಲೋರೈಡ್, ಕಬ್ಬಿಣ ಫಲಕಗಳಿಗೆ ವಿಷ. ಮಟ್ಟ ಇಳಿದಾಗ ಆಸಿಡ್ ಹಾಕುವ ಗ್ಯಾರೇಜುಗಳೂ ಇವೆ. ಹೋದದ್ದು ನೀರು, ಆಮ್ಲವಲ್ಲ ಎಂಬುದನ್ನು ಅವರು ಮರೆಯುತ್ತಾರೆ. ಬಾನೆಟ್ ಎತ್ತುವ ಅಭ್ಯಾಸವೇ ಇಲ್ಲದವರಿಗೆ ಕ್ಯಾಲ್ಸಿಯಂ ಬ್ಯಾಟರಿಯೇ ವಾಸಿ. ಬಿಸಿ ಪ್ರದೇಶದಲ್ಲಿ ದಿನವಿಡೀ ಓಡುವ, ಯಾರಾದರೂ ಗಮನಿಸುವ ವಾಹನಕ್ಕೆ ಬಿರಡೆ ಇರುವುದೇ ಲಾಭ.

ಬೆಲೆಗಿಂತ ಮುಖ್ಯವಾದ ಸಂಗತಿಯೊಂದಿದೆ. ಗಾಳಿಯಲ್ಲಿ ಪ್ರತಿಶತ 4ರಷ್ಟು ಹೈಡ್ರೋಜನ್ ಸೇರಿದರೂ ಕಿಡಿ ತಗುಲಿ ಸಿಡಿಯಬಲ್ಲದು. ‘ಸೀಲ್’ ಎಂಬ ಪದ ನಂಬಿ ಬೀಡಿ ಹಚ್ಚಿಕೊಂಡು ಚಾರ್ಜಿಗೆ ಹಾಕುವವರಿಗೆ ಇದು ತಿಳಿದಿರುವುದಿಲ್ಲ. ಕಣ್ಣು ಬಿಳಿಚಿ ಪಾರದರ್ಶಕವಾಗಿ ಅಥವಾ ತಿಳಿಹಳದಿಯಾಗಿ ಕಂಡರೆ ಸಾಮಾನ್ಯವಾಗಿ ದ್ರವದ ಮಟ್ಟ ಇಳಿದಿದೆ ಎಂದರ್ಥ. ಅಂಥ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಇನ್ನೊಂದು ಕಾರಿನಿಂದ ಕೇಬಲ್ ಎಳೆದು ಎಬ್ಬಿಸಲೂ ಬಾರದು, ಬದಲಾಯಿಸಬೇಕು.