‘ಸಭಾಧ್ಯಕ್ಷ’: ಪೀಠವೋ ಕಣ್ಣೋ?

ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಬರುವ ‘ಎಪಿಸ್ಕೊಪೊಸ್’ ಎಂಬ ಗ್ರೀಕ್ ಪದಕ್ಕೆ ನಮ್ಮ ಸತ್ಯವೇದವು ‘ಸಭಾಧ್ಯಕ್ಷ’ ಎಂಬ ಪದವನ್ನು ಬಳಸಿದೆ. ಈ ಅನುವಾದದ ಗುಣವನ್ನೂ ದೋಷವನ್ನೂ ನಾವು ಒಟ್ಟಿಗೆ ಪರಿಶೀಲಿಸಬೇಕಾಗಿದೆ.

‘ಎಪಿ’ ಎಂದರೆ ಮೇಲೆ, ‘ಸ್ಕೊಪೊಸ್’ ಎಂದರೆ ನೋಡುವವನು. ಸಂಸ್ಕೃತದ ‘ಅಧ್ಯಕ್ಷ’ದಲ್ಲಿಯೂ ‘ಅಧಿ’ಯೊಡನೆ ‘ಅಕ್ಷ’, ಅಂದರೆ ಕಣ್ಣು, ಸೇರಿದೆ; ‘ಪ್ರತ್ಯಕ್ಷ’ದಲ್ಲಿರುವುದೂ ಇದೇ ಕಣ್ಣು. ಎರಡೂ ಆಡಳಿತದ ಪದಗಳೇ. ಅಥೆನ್ಸ್ ತನ್ನ ಅಧೀನ ಪಟ್ಟಣಗಳಿಗೆ ಕಳುಹಿಸುತ್ತಿದ್ದ ಅಧಿಕಾರಿಗಳಿಗೆ ಎಪಿಸ್ಕೊಪೊಸ್ ಎಂಬ ಹೆಸರಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ 2ನೆಯ ಅಧಿಕರಣವು ಗೋವು, ನೌಕೆ, ಕೃಷಿ ಮುಂತಾದವುಗಳ ಅಧ್ಯಕ್ಷರ ಕರ್ತವ್ಯಗಳನ್ನು ವಿವರಿಸುತ್ತದೆ. ಮೂಲಾರ್ಥದಲ್ಲಿ ಇದಕ್ಕಿಂತ ಸಮೀಪದ ಪದ ದೊರೆಯುವುದು ಕಷ್ಟ.

ಆದರೆ ಪದವು ಬಾಳುವುದು ಬಳಕೆಯಲ್ಲಿ. ಇಂದಿನ ಕನ್ನಡದಲ್ಲಿ ಅಧ್ಯಕ್ಷರೆಂದರೆ ವೇದಿಕೆಯ ನಡುವಣ ಕುರ್ಚಿಯಲ್ಲಿ ಕುಳಿತವರು; ಸಭಾಧ್ಯಕ್ಷರೆಂದರೆ ವಿಧಾನಸಭೆಯ ಕಲಾಪ ನಡೆಸುವವರು. ಗ್ರೀಕ್ ಪದದಲ್ಲಿಲ್ಲದ ‘ಸಭಾ’ ಎಂಬುದನ್ನು ಅನುವಾದಕರು ಸೇರಿಸಿದ್ದರಿಂದ ಈ ಅರ್ಥಕ್ಕೆ ಮತ್ತಷ್ಟು ಬಲ ಬಂದಿದೆ. ಕಣ್ಣು ಮರೆಯಾಗಿ ಕುರ್ಚಿ ಉಳಿದಿದೆ.

ಈ ನಷ್ಟ ಅಲ್ಪವಲ್ಲ. ಅಪೊಸ್ತಲರ ಕೃತ್ಯಗಳು 20ರಲ್ಲಿ ಪೌಲನು ಎಫೆಸ ಸಭೆಯ ಹಿರಿಯರನ್ನು ಕರೆಯಿಸಿ (ವ. 17), ಅವರಿಗೇ ಈ ಹೆಸರನ್ನು ಕೊಟ್ಟು ಹಿಂಡಿನ ಪಾಲನೆಯನ್ನು ಒಪ್ಪಿಸುತ್ತಾನೆ (ವ. 28). ಪೇತ್ರನ ಮೊದಲನೆಯ ಪತ್ರಿಕೆಯು (2:25) ಕ್ರಿಸ್ತನನ್ನೇ ಕುರುಬನೆಂದೂ ಆತ್ಮಗಳ ಎಪಿಸ್ಕೊಪೊಸನೆಂದೂ ಕರೆಯುತ್ತದೆ. ಇದೇ ಧಾತುವಿಗೆ ಸೇರಿದ ಕ್ರಿಯಾಪದವು ಮತ್ತಾಯ 25:36ರಲ್ಲಿ ರೋಗಿಯನ್ನು ಹೋಗಿ ಕಾಣುವುದಕ್ಕೂ, ಯಾಕೋಬ 1:27ರಲ್ಲಿ ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ವಿಚಾರಿಸಿಕೊಳ್ಳುವುದಕ್ಕೂ ಬಂದಿದೆ. ಆದುದರಿಂದ ಸುವಾರ್ತೆಯ ಮೇಲ್ವಿಚಾರಣೆಯು ಮನೆಬಾಗಿಲಿಗೆ ಹೋಗಿ ನಡೆಸತಕ್ಕದ್ದು.

ಪದವನ್ನು ಬದಲಿಸಬೇಕೆಂದು ನಾವು ಹೇಳುವುದಿಲ್ಲ. ‘ಮೇಲ್ವಿಚಾರಕ’ ಎಂದರೆ ಕಾರ್ಖಾನೆಯೂ ವಿದ್ಯಾರ್ಥಿನಿಲಯವೂ ನೆನಪಾಗುತ್ತವೆ. ‘ಬಿಷಪ್’ ಎಂಬುದು ಅದೇ ಗ್ರೀಕ್ ಪದದಿಂದ ಬಂದುದಾದರೂ ಕನ್ನಡದ ಕಿವಿಗೆ ಏನನ್ನೂ ತಿಳಿಸದು. ‘ಅಧ್ಯಕ್ಷ’ದೊಳಗಿನ ಕಣ್ಣನ್ನು ಬೋಧನೆಯಲ್ಲಿಯೂ ಅಭಿಷೇಕದ ಆರಾಧನೆಯಲ್ಲಿಯೂ ಸಭೆಗೆ ತೋರಿಸಿಕೊಡುವುದು ಬೋಧಕರ ಹೊಣೆ. ಹಾಸಿಗೆ ಹಿಡಿದ ಸಭಿಕರು ತಮ್ಮನ್ನು ನೋಡಲು ಯಾರೂ ಬರಲಿಲ್ಲವೆನ್ನುವಲ್ಲಿ, ಪೀಠ ತುಂಬಿದ್ದರೂ ಆ ಹುದ್ದೆ ಖಾಲಿಯೆಂದೇ ನಾವು ಎಣಿಸಬೇಕು.