ಕಾಲು ಚಾಚೋ ಗಾಡಿ, ಮಡಚೋ ಗಾಡಿ

ಬೈಕ್ ರಿವ್ಯೂ ವಿಡಿಯೋ ನೋಡೋ ಚಟ ಇರೋರಿಗೆ ಇದು ಗೊತ್ತಿರುತ್ತೆ. ಎಂಜಿನ್ ಬಗ್ಗೆ ಎಂಟು ನಿಮಿಷ, ಸೈಲೆನ್ಸರ್ ಸದ್ದಿಗೆ ಎರಡು, ಟ್ಯಾಂಕಿನ ಬಣ್ಣಕ್ಕೆ ಒಂದು. ಕಾಲು ಎಲ್ಲಿಡ್ತೀವಿ ಅನ್ನೋದಕ್ಕೆ ಒಂದೇ ಒಂದು ವಾಕ್ಯ: "ಸಖತ್ ಕಂಫರ್ಟೆಬಲ್ ಆಗಿದೆ ಗುರು." ಯಾರಿಗೆ, ಯಾವ ರಸ್ತೇಲಿ, ಎಷ್ಟು ಹೊತ್ತು? ಕೇಳಬೇಡಿ. ನಂದಿ ಬೆಟ್ಟದ ಕಡೆ ಖಾಲಿ ರಸ್ತೇಲಿ ಭಾನುವಾರ ಬೆಳಿಗ್ಗೆ ಆರಕ್ಕೆ ಹೋದ್ರೆ ಎಮ್ಮೆ ಮೇಲೆ ಕೂತ್ರೂ ಕಂಫರ್ಟೆಬಲ್ಲೇ.

ನಾನಿರೋದು ಮಾಕಳೀಲಿ. ಹೆಸರು ಹೇಳಿದ ತಕ್ಷಣ ಆಫೀಸಲ್ಲಿ "ಓ, ಟ್ರೆಕ್ಕಿಂಗ್ ಜಾಗ ಅಲ್ವಾ?" ಅಂತಾರೆ. ಅದು ಮಾಕಳಿದುರ್ಗ, ದೊಡ್ಡಬಳ್ಳಾಪುರದ ಕಡೆ. ನಮ್ಮದು ದುರ್ಗ ಇಲ್ಲದ ಮಾಕಳಿ: ತುಮಕೂರು ರಸ್ತೆ, ಗೋಡೌನು, ಲಾರಿ, ಸರ್ವಿಸ್ ರೋಡು. 2024ರ ನವೆಂಬರಲ್ಲಿ ಮೆಟ್ರೋ ಮಾದಾವರದವರೆಗೆ ಬಂದು ಅಲ್ಲೇ ನಿಂತುಕೊಳ್ತು. ಹಾಗಾಗಿ ಇಲ್ಲಿ ಬೈಕು ಶೋಕಿಯ ವಸ್ತು ಅಲ್ಲ, ದಿನಾ ಎರಡು ಮೂರು ಗಂಟೆ ನಮ್ಮ ಬೆನ್ನು ಹೊರೋ ಕುರ್ಚಿ. ಹತ್ತು ಗಂಟೆ ಆಫೀಸ್ ಕುರ್ಚೀಲಿ ಕೂತ ಬೆನ್ನು ಅದು. ಆ ಕುರ್ಚಿಗೆ ಮೂರೂವರೆ ಲಕ್ಷ ಸುರಿಯೋಕೆ ಮುಂಚೆ ಕಾಲಿನ ವಿಷಯಕ್ಕೆ ಒಂದು ವಾಕ್ಯ ಸಾಲಲ್ಲ.

ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ತೀನಿ. ಫುಟ್‌ರೆಸ್ಟ್, ಗೇರ್ ಲಿವರ್, ಹಿಂದಿನ ಬ್ರೇಕ್ ಪೆಡಲ್ ಹೆಚ್ಚುಕಮ್ಮಿ ಸವಾರನ ಕೆಳಗೇ ಇದ್ರೆ ಮಿಡ್ ಕಂಟ್ರೋಲ್. ಸ್ಪ್ಲೆಂಡರ್ ಓಡಿಸಿರೋ ಪ್ರತಿಯೊಬ್ಬನಿಗೂ ಇದು ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೇ. ಅವೇ ಮೂರನ್ನೂ ಎಂಜಿನ್ನಿನ ಮುಂಭಾಗಕ್ಕೆ ತಳ್ಳಿ, ಕಾಲು ಚಾಚಿ ಕೂರೋ ಹಾಗೆ ಮಾಡಿದ್ರೆ ಫಾರ್ವರ್ಡ್ ಕಂಟ್ರೋಲ್. ಹಾರ್ಲೆಯ ಫಾರ್ಟಿ-ಏಟ್ ಪೂರ್ತಿ ಚಾಚಿದ ಗಾಡಿ. ಅದೇ ಮನೆಯ ಐರನ್ 883 ಮಡಚಿದ್ದು. ನಮ್ಮಲ್ಲಿ ಸಿಗೋ ಕ್ರೂಸರ್‌ಗಳು ಬಹುಪಾಲು ನಡುವೆ ಎಲ್ಲೋ ಇವೆ. ಬಜಾಜ್ ಅವೆಂಜರ್ 2005ರಲ್ಲಿ ಬಂದಾಗ ಜಾಹೀರಾತು ನಿಮ್ಮನ್ನ ದೇವರ ಪದವಿಗೇ ಏರಿಸಿತ್ತು, ನೆನಪಿದೆಯಾ? ನಮ್ಮ ದೇವರು ಹೆಚ್ಚಾಗಿ ಪದ್ಮಾಸನದಲ್ಲಿ ಕೂರ್ತಾರೆ, ಕಾಲು ಚಾಚೋದು ಶೇಷನ ಮೇಲೆ ಮಲಗಿದೋನು ಮಾತ್ರ.

ಈ ವಿಷಯದಲ್ಲಿ ಸರಿಯಾದ ಹೋಲಿಕೆಗೆ ರಾಯಲ್ ಎನ್‌ಫೀಲ್ಡ್‌ಗೆ ಥ್ಯಾಂಕ್ಸ್ ಹೇಳಬೇಕು. 2023ರ ಜನವರೀಲಿ ಸೂಪರ್ ಮೀಟಿಯರ್ 650, ಅದರ ಮರು ವರ್ಷವೇ ಶಾಟ್‌ಗನ್ 650. ಅದೇ 648 ಸಿಸಿ ಎಂಜಿನ್, ಒಂದೇ ತಳಹದಿ, ತೂಕ 241 ಕೆಜಿಗೆ 240. ಮೊದಲನೇದು ಕಾಲು ಮುಂದಿಡೋ ಕ್ರೂಸರ್, ಸೀಟಿನ ಎತ್ತರ 740 ಮಿ.ಮೀ. ಎರಡನೇದರಲ್ಲಿ ಕಾಲು ಮಧ್ಯಕ್ಕೆ ಬಂತು, ಸೀಟು 795ಕ್ಕೆ ಏರಿತು. ಚಕ್ರದ ಅಳತೆಯಂಥ ಬೇರೆ ವ್ಯತ್ಯಾಸಗಳೂ ಇವೆ, ಇಲ್ಲ ಅಂತಲ್ಲ. ಆದ್ರೆ "ನನಗೆ ಕಾಲು ಎಲ್ಲಿ ಬೇಕು" ಅನ್ನೋ ಪ್ರಶ್ನೇನ ಇಷ್ಟು ನೇರವಾಗಿ ಕೇಳೋ ಜೋಡಿ ಇನ್ನೊಂದು ಸಿಗೋದು ಕಷ್ಟ.

ಶೋರೂಮಲ್ಲಿ ಎಲ್ಲರೂ ತಪ್ಪೋದು ಈ ಸೀಟಿನ ಅಂಕೀಲೇ. ನನ್ನ ಎತ್ತರ ಐದಡಿ ಆರಿಂಚು. 740ರ ಮೇಲೆ ಕೂತ್ರೆ ಎರಡೂ ಪಾದ ನೆಲಕ್ಕೆ ಗಟ್ಟಿಯಾಗಿ ಊರುತ್ತೆ, ಮನಸ್ಸಿಗೆ ಧೈರ್ಯ ಬರುತ್ತೆ, ಸೇಲ್ಸ್ ಹುಡುಗನೂ "ನಿಮ್ಗೇ ಮಾಡ್ಸಿದಂಗಿದೆ ಸರ್" ಅಂತಾನೆ. ಆದ್ರೆ ಶೋರೂಮಲ್ಲಿ ಗಾಡಿ ನಿಂತಿರುತ್ತೆ! ಕಾಲು ನೆಲಕ್ಕೆ ಹೇಗೆ ಸಿಗುತ್ತೆ ಅನ್ನೋದು ಒಂದು ಪ್ರಶ್ನೆ, ಓಡುವಾಗ ಕಾಲು ಏನು ಕೆಲಸ ಮಾಡುತ್ತೆ ಅನ್ನೋದು ಇನ್ನೊಂದು. ಕುಳ್ಳಗಿರೋರಿಗೆ ಮೊದಲನೇದರಲ್ಲಿ ಕ್ರೂಸರ್ ವರ, ಎರಡನೇದರಲ್ಲಿ ಅದೇ ಶಾಪ ಆಗಬಹುದು. ಕಾಲು ಮುಂದಕ್ಕೆ ಎಟುಕಿಸೋಕೆ ಹೋಗಿ ಸೊಂಟ ಹಿಂದಕ್ಕೆ ಮಗುಚುತ್ತೆ, ಬೆನ್ನು ಬಿಲ್ಲಾಗುತ್ತೆ. ಆರಡಿ ಇರೋ ನನ್ನ ಟೀಮ್‌ಮೇಟ್‌ಗೆ ಇದೆಲ್ಲ ಉಲ್ಟಾ. ಮಿಡ್ ಕಂಟ್ರೋಲ್ ಗಾಡೀಲಿ ಅವನ ಮಂಡಿ ಮಡಚಿಕೊಂಡೇ ಇರುತ್ತೆ, ಅರ್ಧ ಗಂಟೇಲಿ ಹಿಡ್ಕೊಳ್ಳುತ್ತೆ.

ಓಡುವಾಗ ಕಾಲಿಗೇನು ಕೆಲಸ ಅಂತೀರಾ? ನಮ್ಮೂರು ಕೊರಟಗೆರೆ ಕಡೆ. ದಾಬಸ್‌ಪೇಟೆಯಿಂದ ಆಚೆ ಊರಿಗೊಂದು ಹಂಪು, ಕೆಲವೂರಿಗೆ ಮೂರು. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗೋ ನಮ್ಮೂರೋರನ್ನ ನೋಡಿ: ಹಂಪು ಬರ್ತಿದ್ದ ಹಾಗೆ ಫುಟ್‌ರೆಸ್ಟ್ ಮೇಲೆ ಭಾರ ಬಿಟ್ಟು ಕುಂಡೆ ಒಂದಿಂಚು ಎತ್ತಿರ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ. ಮಂಡಿ, ತೊಡೆ ಸೇರಿ ಮೂರನೇ ಶಾಕ್ ಅಬ್ಸಾರ್ಬರ್ ಆಗುತ್ತೆ. ಕಾಲು ದೇಹದ ಕೆಳಗಿದ್ರೆ ಮಾತ್ರ ಇದು ಸಾಧ್ಯ. ಮುಂದೆ ಚಾಚಿಟ್ಟ ಕಾಲಿನ ಮೇಲೆ ಎದ್ದು ನಿಲ್ಲೋಕಾಗಲ್ಲ. ಬೇಕಾದ್ರೆ ಈಗಲೇ ಕುರ್ಚೀಲಿ ಕೂತು ಕಾಲು ಮುಂದೆ ಚಾಚಿ, ಕೈ ಊರದೆ ಏಳೋಕೆ ಪ್ರಯತ್ನ ಮಾಡಿ. ಹಂಪಿನ ಏಟು ನೆಟ್ಟಗೆ ಬೆನ್ನುಹುರಿಯ ಬುಡಕ್ಕೆ. ಮೇಲಿಂದ ಕ್ರೂಸರ್ ಸೀಟು ತಗ್ಗಿರೋದ್ರಿಂದ ಹಿಂದಿನ ಸಸ್ಪೆನ್ಷನ್ನಿಗೆ ಏರಿಳಿಯೋಕೆ ಜಾಗಾನೂ ಸಾಮಾನ್ಯವಾಗಿ ಕಮ್ಮಿ.

ಹಾಗಂತ ಫಾರ್ವರ್ಡ್ ಕಂಟ್ರೋಲ್ ಬರೀ ಸೋಗು ಅಂತ ಬರೆದುಬಿಟ್ರೆ ಅನ್ಯಾಯ ಆಗುತ್ತೆ. ಅದಕ್ಕೆ ಹೇಳಿಮಾಡಿಸಿದ ರಸ್ತೆ ಮಾಕಳಿ ಪಕ್ಕದಲ್ಲೇ ಇದೆ. ಮಾದಾವರದ ಹತ್ರ ನೈಸ್ ರೋಡ್ ಹತ್ತಿದ್ರೆ ಎಲೆಕ್ಟ್ರಾನಿಕ್ ಸಿಟಿವರೆಗೆ ಸುಮಾರು 40 ಕಿ.ಮೀ., ಸಿಗ್ನಲ್ ಇಲ್ಲ, ಟೋಲ್ ಬಿಟ್ರೆ ನಿಲ್ಲಿಸೋರಿಲ್ಲ. ಒಂದೇ ವೇಗದಲ್ಲಿ ಹೋಗೋವಾಗ ಮಂಡಿ ಬಿಚ್ಚಿಕೊಂಡಿರೋದು ನಿಜವಾದ ಸುಖ. ಎದೆಗೆ ಬೀಸೋ ಗಾಳಿ ಜಾಸ್ತಿ ಆದ್ರೆ ಹ್ಯಾಂಡಲ್ ಹಿಡಿದು ಜೋತಾಡಬೇಕು, ಅದು ಬೇರೆ ಮಾತು. ದಿನಾ ಆ ದಾರೀಲಿ ಹೋಗೋ ಎತ್ತರದ ಮನುಷ್ಯ ಕಾಲು ಚಾಚಿದ್ರೆ ನನ್ನ ತಕರಾರಿಲ್ಲ. ಆದ್ರೆ ಅವನ ಶಿಫ್ಟ್ ಟೈಮಿಂಗೂ ನೋಡಬೇಕು. 2022ರಲ್ಲಿ ಆ ರಸ್ತೇಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ದ್ವಿಚಕ್ರ ವಾಹನ ನಿಷೇಧಿಸಿದ್ರು. ಅಂಥ ಹೊತ್ತಲ್ಲಿ ವಾಪಸ್ ಬರೋನಿಗೆ ಮತ್ತೆ ಊರೊಳಗಿನ ರಸ್ತೇನೇ ಗತಿ.

ನಾನು ಹೋಗೋದು ಪೀಣ್ಯ, ಗೊರಗುಂಟೆಪಾಳ್ಯದ ಮೇಲೆ. ಅಲ್ಲಿ ಹತ್ತು ಮೀಟರ್ ಹೋಗು, ನಿಲ್ಲು, ಲಾರಿ ಮಗ್ಗುಲಲ್ಲಿ ನುಸುಳು. ಇಲ್ಲೂ ಕ್ರೂಸರ್‌ಗೆ ಒಂದು ಅಂಕ ಕೊಡಲೇಬೇಕು: ಕಾಲು ಕೆಳಗಿಟ್ಟಾಗ ಫುಟ್‌ರೆಸ್ಟ್ ಮೀನಖಂಡಕ್ಕೆ ಕುಟ್ಟಲ್ಲ. ಆದ್ರೆ ನಡಿಗೆ ವೇಗದಲ್ಲಿ ಗಾಡಿ ಹತೋಟಿಗೆ ಸಿಗೋದು ಟ್ಯಾಂಕಿಗೆ ಮಂಡಿ ಒತ್ತಿ, ಹಿಂದಿನ ಬ್ರೇಕ್ ಮೆಲ್ಲಗೆ ತುಳೀತಾ ಹೋದಾಗ. 241 ಕೆಜಿ ಗಾಡೀನ ಬರೀ ತೋಳಿಂದ ತೂಗೋಕಾಗುತ್ತಾ?

ನನಗೆ ನಿಜಕ್ಕೂ ಭಯ ಇರೋದು ಕಾಲಿನ ನೆನಪಿನ ಬಗ್ಗೆ. ಹಳೇ ಬುಲೆಟ್‌ನಲ್ಲಿ ಗೇರು ಬಲಗಡೆ, ಬ್ರೇಕು ಎಡಗಡೆ. ಬುಲೆಟ್‌ಗೆ ಪಳಗಿದೋರು ಬೇರೆ ಗಾಡಿ ಹತ್ತಿ, ಗಾಬರೀಲಿ ಬ್ರೇಕ್ ಅಂತ ಗೇರ್ ತುಳಿದ ಕಥೆ ಪ್ರತಿ ಊರಲ್ಲೂ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳಲ್ಲಂತೂ ಕಿಕ್ಕರ್ರೇ ಗೇರ್ ಲಿವರ್ರು. ಅದಕ್ಕೆ ಒಗ್ಗಿದ ಕಾಲಿಗೆ ಉಳಿದ ಗಾಡಿಗಳೇ ವಿಚಿತ್ರ. ಎದುರಿಗೆ ಏನೋ ಅಡ್ಡ ಬಂದಾಗ ಕಾಲು ಯೋಚನೆ ಮಾಡಲ್ಲ, ಹದಿನೈದು ವರ್ಷದಿಂದ ಎಲ್ಲಿ ಹೋಗ್ತಿತ್ತೋ ಅಲ್ಲಿಗೇ ಹೋಗುತ್ತೆ. ಮನೇಲಿ ಹೆಂಡತಿಯ ಸ್ಕೂಟರು, ಊರಲ್ಲಿ ಅಪ್ಪನ ಸ್ಪ್ಲೆಂಡರು, ಇಲ್ಲಿ ನನ್ನ ಕ್ರೂಸರು ಅಂತ ಮೂರು ಕಡೆ ಬ್ರೇಕ್ ಹುಡುಕೋ ಕಾಲಿನ ಮೇಲೆ ನನಗೆ ನಂಬಿಕೆ ಇಲ್ಲ. ಎಬಿಎಸ್ ಚಕ್ರ ಲಾಕ್ ಆಗೋದನ್ನ ತಡೆಯುತ್ತೆ, ಪೆಡಲ್ ಹುಡುಕಿಕೊಡಲ್ಲ.

ಹೈವೇಲಿ ಲೆಗ್ ಗಾರ್ಡ್ ಮೇಲೆ ಕಾಲು ಏರಿಸಿಕೊಂಡು ಹೋಗೋರನ್ನ ನೋಡಿದ್ದೀರಲ್ಲ? ಅದೇ ನಮ್ಮ ನಾಡಿನ ಫಾರ್ವರ್ಡ್ ಕಂಟ್ರೋಲ್, ಬ್ರೇಕ್ ಮಾತ್ರ ಹಿಂದೇನೇ ಉಳಿದಿರುತ್ತೆ. ಭಾನುವಾರ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಹೋಗೋ ಗ್ಯಾಂಗುಗಳಲ್ಲಿ ಇಬ್ಬರಾದ್ರೂ ಹೀಗೆ ಹೋಗ್ತಿರ್ತಾರೆ. ಕಂಪನಿ ಮಾಡಿಕೊಟ್ಟ ಫಾರ್ವರ್ಡ್ ಕಂಟ್ರೋಲ್ ಇದಕ್ಕಿಂತ ಸಾವಿರ ಪಾಲು ವಾಸಿ, ಬ್ರೇಕೂ ಕಾಲಿನ ಜೊತೆಗೇ ಬಂದಿರುತ್ತೆ. ಮಿಡ್ ಗಾಡಿ ತಗೊಂಡು ಆಮೇಲೆ ಕಿಟ್ ಹಾಕಿಸ್ತೀನಿ ಅನ್ನೋರು ಮಾತ್ರ ಸ್ವಲ್ಪ ನಿಧಾನಿಸಿ. ಬ್ರೇಕ್ ಪೆಡಲ್ ಮುಂದೆ ಹೋದ್ರೆ ಕೊಂಡಿಗಳು ಉದ್ದ ಆಗ್ತವೆ, ಕೀಲು ಜಾಸ್ತಿ ಆಗ್ತವೆ, ಪ್ರತಿ ಕೀಲಿಗೂ ಒಂದಿಷ್ಟು ಸಡಿಲ. ತಯಾರಕರ ಮೂಲ ವಿನ್ಯಾಸ ಬದಲಿಸೋದರ ಬಗ್ಗೆ ಸುಪ್ರೀಂ ಕೋರ್ಟ್ 2019ರ ಜನವರೀಲಿ ಕಟ್ಟುನಿಟ್ಟಿನ ತೀರ್ಪನ್ನೂ ಕೊಟ್ಟಿದೆ.

ಹಿಂದೆ ಕೂರೋರ ಬಗ್ಗೆ ವಿಡಿಯೋದೋರು ಆ ಒಂದು ವಾಕ್ಯಾನೂ ಹೇಳಲ್ಲ. ಅಮ್ಮ ಊರಿಂದ ಬಂದ್ರೆ ಮಾಕಳಿ ಬಸ್ ಸ್ಟಾಪಿಂದ ಮನೆವರೆಗೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟೇ ಕೂರೋದು. ಸವಾರ ಕಾಲು ಎಲ್ಲಾದ್ರೂ ಚಾಚಲಿ, ಹಿಂದಿನೋರಿಗೆ ಹಿಡಿಕೆ, ಕಾಲಿಡೋ ಜಾಗ, ಅರ್ಧ ಚಕ್ರ ಮುಚ್ಚೋ ಗಾರ್ಡ್ ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳ್ತವೆ. ಹೊಸ ಗಾಡೀಲಿ ಆ ಗಾರ್ಡ್ ಕಿತ್ತುಹಾಕಿಸೋದು ಫ್ಯಾಷನ್ ಆಗಿದೆ. ನಾನು ಹಾಗೇ ಇರಲಿ ಅಂದಿದ್ದೀನಿ.

ಅಂದ ಹಾಗೆ, ಮಿಡ್ ಕಂಟ್ರೋಲ್ ಗಾಡಿಗೇ ಅಡ್ವಾನ್ಸ್ ಕೊಟ್ಟಾಯ್ತು. ಕೊಡೋ ಮುಂಚೆ ಟೆಸ್ಟ್ ರೈಡನ್ನ ಫ್ಲೈಓವರ್ ಮೇಲೆ ಬೇಡ, ಸಂಜೆ ಆರೂವರೆಗೆ ಸರ್ವಿಸ್ ರೋಡಲ್ಲೇ ಕೊಡಿ ಅಂತ ಹಠ ಹಿಡಿದೆ. ಸೇಲ್ಸ್ ಹುಡುಗ ಮುಖ ಹುಳ್ಳಗೆ ಮಾಡಿಕೊಂಡ, ಆದ್ರೂ ಹೆಲ್ಮೆಟ್ ಹಾಕ್ಕೊಂಡು ಹಿಂದೆ ಕೂತ. ಮೂರನೇ ಹಂಪು ದಾಟೋ ಹೊತ್ತಿಗೆ "ಸರ್, ಪಿಲಿಯನ್ ಸೀಟು ಸ್ವಲ್ಪ ಗಟ್ಟಿ ಅಲ್ವಾ?" ಅಂತ ಅವನೇ ಕೇಳಿದ.